ಹಳೆಯ ಕಾರು ಹಠ ಹಿಡಿದಾಗ

ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಆದೋನಿ, ಆಲೂರು, ಕೋಸಿಗಿ, ಮಂತ್ರಾಲಯಗಳ ಸುತ್ತುಮುತ್ತ, ನಮ್ಮಂತೆಯೇ ಗಡಿಯಾಚೆಗೆ ಉಳಿದ ಕನ್ನಡ ಮನೆಗಳಿವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿದವು. ಮೂರು ವರ್ಷ ಕಳೆದು, 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ನಮಗೆ ಮಂಗಳೂರು ಹೇಗೋ ಅವರಿಗೆ ಬಳ್ಳಾರಿ, ರಾಯಚೂರು ಹಾಗೆ. ನೆಂಟಸ್ತಿಕೆಗೂ ಅಲ್ಲಿಗೇ ಹೋಗಬೇಕು, ಕಾಯಿಲೆ ಬಿದ್ದಾಗಲೂ ಅನೇಕರು ಅಲ್ಲಿಗೇ ಓಡಬೇಕು. ಆದೋನಿಯಿಂದ ಬಳ್ಳಾರಿಗೆ ಸುಮಾರು 70 ಕಿಲೋಮೀಟರ್ ದಾರಿ.

ಹತ್ತಿ, ಶೇಂಗಾ ಬೆಳೆಯುವ ಆ ಸೀಮೆಯಲ್ಲಿ ಫಸಲು ಮಾರಿದ ದುಡ್ಡಿನಲ್ಲಿ ಹಳೆಯ ಕಾರೊಂದನ್ನು ಕೊಂಡರೆ ಅದು ಒಂದು ಮನೆಯ ಕಾರಾಗಿ ಉಳಿಯುವುದಿಲ್ಲ. ಕೇರಿಯ ಬಸುರಿಗೂ, ಹಾವು ಕಚ್ಚಿದವನಿಗೂ ಅದೇ ಗತಿ. ಅಂಥ ಕಾರು ನಡುರಾತ್ರಿ ಹೊರಡದೆ ನಿಂತರೆ ಆಗುವ ನಷ್ಟವನ್ನು ರೂಪಾಯಿಯಲ್ಲಿ ಅಳೆಯಲಾಗದು. ನಮ್ಮ ಒಳನಾಡಿನ ಗುಡ್ಡಗಾಡು ಗ್ರಾಮಗಳ ಮಾತೂ ಬೇರೆಯಲ್ಲ. ಆದುದರಿಂದ ಆದೋನಿ ಸೀಮೆಯ ಕಾರಿನ ಕಷ್ಟವನ್ನು ಮುಂದಿಟ್ಟುಕೊಂಡು ಎರಡು ಸಾಮಾನ್ಯ ದೂರುಗಳನ್ನು ಇಲ್ಲಿ ವಿಚಾರಿಸುತ್ತೇವೆ: ಒಂದು, ಕಾರು ಸ್ಟಾರ್ಟ್ ಆಗದಿರುವುದು, ಇನ್ನೊಂದು, ಕಾರು ನಡುಗುವುದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇವೆರಡಕ್ಕೂ ಕಾರಣ ಹೆಚ್ಚಾಗಿ ಸಣ್ಣದು, ಅಗ್ಗದ್ದು. ಆದರೆ ಹುಡುಕುವ ಕ್ರಮ ತಪ್ಪಿದರೆ ಗುಡ್ಡ ಅಗೆದು ಇಲಿ ಹಿಡಿದಂತಾಗುತ್ತದೆ. ಸಡಿಲವಾದ ಒಂದು ತಂತಿಗಾಗಿ ಎಂಜಿನನ್ನೇ ಇಳಿಸಿದ ಮೇಲೆ ಅಳುವುದಕ್ಕಿಂತ, ಅಗ್ಗದಿಂದ ತುಟ್ಟಿಯ ಕಡೆಗೆ ಒಂದೊಂದೇ ಮೆಟ್ಟಿಲು ಹತ್ತುವುದು ಜಾಣತನ.

ಕೀಲಿ ತಿರುಗಿಸಿದಾಗ ಏನು ಕೇಳಿಸಿತು?

ಕಾರು ಸ್ಟಾರ್ಟ್ ಆಗದಿದ್ದಾಗ ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಸದ್ದು ಬಂದು ಒಳಗಿನ ದೀಪ ಮಂಕಾದರೆ ಬ್ಯಾಟರಿಯಲ್ಲಿ ಬಲವಿಲ್ಲ ಎಂದು ತಿಳಿಯಬೇಕು. ದೀಪ ಚೆನ್ನಾಗಿ ಉರಿಯುತ್ತಿದ್ದು, ಒಂದೇ ಒಂದು ಸಲ ‘ಟಕ್’ ಎಂದು ಸುಮ್ಮನಾದರೆ ಸೆಲ್ಫ್ ಮೋಟರಿನ ಮೇಲೆ, ಇಲ್ಲವೆ ಅದಕ್ಕೆ ಹೋಗುವ ದಪ್ಪ ತಂತಿಯ ಮೇಲೆ ಸಂಶಯ ಪಡಬೇಕು. ಯಾವ ಸದ್ದೂ ಇಲ್ಲದಿದ್ದರೆ ಬ್ಯಾಟರಿಯ ಟರ್ಮಿನಲ್, ಫ್ಯೂಸ್, ರಿಲೇ, ಕೀಲಿಯ ಸ್ವಿಚ್ಚು, ಇವುಗಳನ್ನು ಒಂದರ ನಂತರ ಒಂದು ನೋಡಬೇಕು. ಕೆಲವು ಕಾರುಗಳಲ್ಲಿ ಕ್ಲಚ್ ಪೂರ್ತಿ ತುಳಿಯದೆ ಸೆಲ್ಫ್ ತಿರುಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಬ್ಯಾಟರಿಗೆ ಚಳಿಯೇ ಶತ್ರು ಎಂದು ಹಲವರು ಭಾವಿಸುತ್ತಾರೆ. ಚಳಿಯಲ್ಲಿ ಅದರ ದೌರ್ಬಲ್ಯ ಹೊರಬೀಳುತ್ತದೆ ನಿಜ. ಆದರೆ ಅದರ ಆಯುಸ್ಸನ್ನು ತಿನ್ನುವುದು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆದೋನಿಯಂಥ ಊರಿನಲ್ಲಿ ಒಳಗಿನ ನೀರು ಬೇಗ ಆರಿ, ಫಲಕಗಳು ಬೇಗ ಸವೆಯುತ್ತವೆ. ಮೂರು ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಅಲ್ಲಿ ನಂಬಿ ಕೂರುವಂತಿಲ್ಲ. ಕೆಲವು ನೂರು ರೂಪಾಯಿಗೆ ದೊರೆಯುವ ಮೀಟರೊಂದು ಮನೆಯಲ್ಲಿದ್ದರೆ ಊಹೆಯ ಅಗತ್ಯವೇ ಇಲ್ಲ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ. 12ರ ಹತ್ತಿರ ಇದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಇಲ್ಲದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಆಲ್ಟರ್ನೇಟರಿನದು ಅಥವಾ ಅದರ ಬೆಲ್ಟಿನದು. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದವರಿಗೆ ಕೆಲವೇ ದಿನಗಳಲ್ಲಿ ಅದೇ ಹಾಡು.

ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಉಜ್ಜಿ, ಒಣಗಿಸಿ, ಬಿಗಿದು, ಮೇಲೆ ತುಸು ವ್ಯಾಸಲಿನ್ ಸವರಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ಸಿನಿಂದ ಕಾರಿನ ಬಾಡಿಗೂ ಎಂಜಿನ್ನಿಗೂ ಹೋಗುವ ಅರ್ಥ್ ತಂತಿಯನ್ನು ಯಾರೂ ಗಮನಿಸುವುದಿಲ್ಲ. ಅದು ತುಕ್ಕು ಹಿಡಿದರೆ ಹೊಸ ಬ್ಯಾಟರಿಯೂ ಸೋಲುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಮೀಟರ್ ಹಿಡಿದು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿದ ಎಂದೇ ತಿಳಿಯಿರಿ.

ಬೇರೆ ಕಾರಿನಿಂದ ಕರೆಂಟು ಪಡೆಯುವಾಗ ಕೆಂಪು ತಂತಿಯನ್ನು ಪ್ಲಸ್ಸಿನಿಂದ ಪ್ಲಸ್ಸಿಗೆ ಕೊಡಬೇಕು. ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಸತ್ತ ಬ್ಯಾಟರಿಗಲ್ಲ, ಆ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿ ಹೊರಬಿಡುವ ಅನಿಲ ಕಿಡಿ ತಗಲಿದರೆ ಸಿಡಿಯುತ್ತದೆ. ಬೀಡಿ ಸೇದುವವರನ್ನು ದೂರ ನಿಲ್ಲಿಸಿ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಸೆಲ್ಫ್ ಲವಲವಿಕೆಯಿಂದ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯ ಮಾತು ಮುಗಿಯಿತು. ಪೆಟ್ರೋಲ್ ಎಂಜಿನ್ನಿಗೆ ಬೇಕಾದುದು ಮೂರೇ: ಗಾಳಿ, ಇಂಧನ, ಕಿಡಿ. ಇಂಜೆಕ್ಷನ್ ಇರುವ ಕಾರಿನಲ್ಲಿ ಕೀಲಿಯನ್ನು ಅರ್ಧ ತಿರುಗಿಸಿದಾಗ ಹಿಂದಿನ ಟ್ಯಾಂಕಿನ ಕಡೆಯಿಂದ ಎರಡು ಕ್ಷಣ ‘ಗುಂಯ್’ ಎಂಬ ಸದ್ದು ಸಾಮಾನ್ಯವಾಗಿ ಬರುತ್ತದೆ. ಅದು ಪೆಟ್ರೋಲ್ ಪಂಪಿನ ಸದ್ದು. ದಿನಾ ಕೇಳಿಸುತ್ತಿದ್ದದ್ದು ಇಂದು ಕೇಳಿಸದಿದ್ದರೆ ಪಂಪಿನ ಫ್ಯೂಸು, ರಿಲೇ, ಪಂಪು, ಈ ಕ್ರಮದಲ್ಲಿ ನೋಡಿಸಿ. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಣ್ಣೆಯ ಜಿಡ್ಡು ಇದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ.

ಗಾಳಿ ಕಡಿಮೆಯಾಗುವುದಕ್ಕೆ ಆ ಸೀಮೆಯಲ್ಲಿ ಕಾರಣ ಬೇಕಾದಷ್ಟಿದೆ. ಆದೋನಿ ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದು. ಎರೆಮಣ್ಣಿನ ಧೂಳು, ಜಿನ್ನಿಂಗ್ ಕಾರ್ಖಾನೆಗಳ ಸುತ್ತ ಹಾರುವ ಹತ್ತಿಯ ನವಿರು, ಎರಡೂ ಏರ್ ಫಿಲ್ಟರಿಗೆ ಹೊಕ್ಕರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ರೇಡಿಯೇಟರಿನ ಮುಂದೆ ಅದೇ ನವಿರು ಚಾಪೆ ಕಟ್ಟಿದರೆ ಎಂಜಿನ್ ಕಾಯುತ್ತದೆ. ಪುಸ್ತಕದಲ್ಲಿ ಹೇಳಿದ ಅವಧಿಗೆ ಕಾಯದೆ ಅಲ್ಲಿ ಫಿಲ್ಟರನ್ನು ಬೇಗ ಬೇಗ ಬಿಚ್ಚಿ ನೋಡುವುದು ಒಳ್ಳೆಯದು. ನಮ್ಮಲ್ಲಿ ಧೂಳಿಗಿಂತ ಮಳೆಯ ಕಾಟ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ನಾಡಿನಲ್ಲಿ ಪ್ಲಗ್ಗಿನ ವಯರು, ಕಾಯಿಲು ತೇವ ಹಿಡಿದು ಕಿಡಿ ಸೋರುತ್ತದೆ. ಇಲಿ-ಹೆಗ್ಗಣಗಳು ಬಾನೆಟ್ಟಿನೊಳಗೆ ಸೇರಿ ವಯರು ಕಡಿಯುವುದು ಎರಡೂ ಕಡೆ ಒಂದೇ.

ತಿಂಗಳುಗಟ್ಟಲೆ ನಿಂತ ಕಾರಿನ ಪೆಟ್ರೋಲನ್ನೂ ಸಂಶಯಿಸಬೇಕು. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಶೇಕಡಾ 20ಕ್ಕೆ ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಮಾದರಿಗಳ ರಬ್ಬರ್ ಕೊಳವೆಗಳಿಗೂ ಅದು ಒಗ್ಗದಿರಬಹುದು. ಕೊಳವೆ ಬಿರುಕು ಬಿಟ್ಟಿದೆಯೇ, ಪೆಟ್ರೋಲ್ ವಾಸನೆ ಬರುತ್ತಿದೆಯೇ ಎಂದು ನೋಡಿ. ಡೀಸೆಲ್ ಕಾರಾದರೆ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಇಳಿಸಿ, ಕಾಯಿಲ್ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಿರಿ. ಆದರೆ ಈಚಿನ ಡೀಸೆಲ್ ಎಂಜಿನ್ನುಗಳಲ್ಲಿ ಇಂಜೆಕ್ಟರಿನ ಕೊಳವೆಯನ್ನು ಮನೆಯಲ್ಲಿ ಸಡಿಲಿಸಲು ಹೋಗಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಚರ್ಮ ಸೀಳಲು ಅಷ್ಟು ಸಾಕು.

ಬೆಳಿಗ್ಗೆ ಚೆನ್ನಾಗಿ ಹೊರಟು, ಓಡಿ ಬಿಸಿಯಾಗಿ ನಿಂತ ಮೇಲೆ ಮತ್ತೆ ಸ್ಟಾರ್ಟ್ ಆಗದಿರುವುದು ಬಿಸಿಲ ಸೀಮೆಯ ಇನ್ನೊಂದು ದೂರು. ಕಾರ್ಬುರೇಟರ್ ಇದ್ದ ಅಂಬಾಸಿಡರ್, ಪದ್ಮಿನಿ, ಮೊದಲ ಕಾಲದ ಮಾರುತಿ 800ಗಳಲ್ಲಿ ಕಾವಿಗೆ ಪೆಟ್ರೋಲ್ ಕೊಳವೆಯೊಳಗೇ ಆವಿಯಾಗಿ ದಾರಿ ಕಟ್ಟುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸುವುದು ಆ ಕಾಲದ ಡ್ರೈವರುಗಳ ಮದ್ದು. ಇಂಜೆಕ್ಷನ್ ಕಾರಿನಲ್ಲಿ ಇದೇ ಲಕ್ಷಣ ಕಂಡರೆ ಕ್ರ್ಯಾಂಕ್ ಸೆನ್ಸರನ್ನು ಪರೀಕ್ಷಿಸಬೇಕು. ಅದು ಕಾದಾಗ ಕೈಕೊಟ್ಟು, ತಣಿದಾಗ ಮತ್ತೆ ಸರಿಯಾಗುವುದುಂಟು. ಅದನ್ನು ತಿಳಿಯದೆ ಪಂಪು, ಪ್ಲಗ್ಗು, ಕಾಯಿಲು ಎಂದು ಒಂದೊಂದಾಗಿ ಬದಲಿಸುತ್ತ ಹೋದರೆ ಹಣ ನೀರಿನಂತೆ ಹರಿಯುತ್ತದೆ.

ನಡುಕ ಯಾವಾಗ ಬರುತ್ತದೆ?

ನಡುಗುವ ಕಾರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವಾಗ? ನಿಂತಲ್ಲೇ ನಡುಗುತ್ತದೆಯೋ, ಓಡುವಾಗಲೋ, ಬ್ರೇಕ್ ಹಾಕಿದಾಗಲೋ?

ನಿಂತಲ್ಲಿ ನಡುಗಿ, ಆಕ್ಸಿಲರೇಟರ್ ಒತ್ತಿದರೂ ‘ಮಿಸ್ಸಿಂಗ್’ ಉಳಿದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪ್ಲಗ್, ಕಾಯಿಲು, ಇಂಜೆಕ್ಟರ್, ಈ ಕ್ರಮದಲ್ಲಿ ಹುಡುಕಬೇಕು. ಒತ್ತಿದೊಡನೆ ನುಣುಪಾದರೆ ಥ್ರಾಟಲಿನಲ್ಲಿ ಕಟ್ಟಿದ ಮಸಿ, ಬಿರುಕು ಬಿಟ್ಟ ಗಾಳಿ ಕೊಳವೆ, ಇಲ್ಲವೆ ಎಂಜಿನ್ನನ್ನು ಹೊತ್ತ ಮೌಂಟಿಂಗ್ ರಬ್ಬರು ಕಾರಣವಾಗಿರಬಹುದು. ರಬ್ಬರು ಸೀಳಿದ್ದರೆ ಗೇರ್ ಹಾಕಿ ಹೊರಡುವಾಗ ‘ಧಡ್’ ಎಂದು ಎಂಜಿನ್ ಕುಲುಕುವುದು ತಿಳಿಯುತ್ತದೆ. ಇಲ್ಲಿ ಒಂದು ಸಮಾಧಾನದ ಮಾತೂ ಉಂಟು: ಮಾರುತಿ 800, ಆಲ್ಟೊದಂಥ ಕಾರುಗಳದ್ದು ಮೂರು ಸಿಲಿಂಡರಿನ ಎಂಜಿನ್. ನಾಲ್ಕು ಸಿಲಿಂಡರಿನದಕ್ಕಿಂತ ಅದು ತುಸು ಹೆಚ್ಚು ನಡುಗುವುದು ಸಹಜ. ಸ್ವಭಾವವನ್ನೇ ರೋಗವೆಂದು ಭಾವಿಸಿ ಚಿಕಿತ್ಸೆಗೆ ಹೊರಡಬಾರದು.

70-80 ಕಿಲೋಮೀಟರ್ ವೇಗ ಮುಟ್ಟಿದಾಗ ಸ್ಟೇರಿಂಗ್ ನಡುಗಿದರೆ ಎಂಜಿನ್ನಿನ ಮಾತು ಬಿಡಿ, ಚಕ್ರದತ್ತ ನೋಡಿ. ಆಲೂರು ಸೀಮೆಯ ಎರೆಹೊಲದ ದಾರಿಯಲ್ಲಿ ಒಂದು ಮಳೆಗೆ ಓಡಾಡಿದರೆ ರಿಮ್ಮಿನ ಒಳಮೈಗೆ ಜಿಗುಟು ಕೆಸರು ಮೆತ್ತಿ ಕಲ್ಲಿನಂತೆ ಒಣಗುತ್ತದೆ. ಚಕ್ರದ ಸಮತೋಲ ಕೆಡಲು ಕೆಲವು ಗ್ರಾಂ ತೂಕ ಸಾಕು. ಮೊದಲು ಚಕ್ರದ ಒಳಭಾಗವನ್ನು ತೊಳೆಯಿರಿ. ಖರ್ಚು ಒಂದು ಕೊಡ ನೀರು. ಆಮೇಲೂ ನಡುಕ ಉಳಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ, ಟಯರು ಉಬ್ಬಿದೆಯೇ ನೋಡಿಸಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಹೊಳಪು ಹಚ್ಚಿದ ಮುದಿ ಟಯರನ್ನು ಇದರಿಂದ ಗುರುತಿಸಬಹುದು.

ಬ್ರೇಕ್ ಹಾಕಿದಾಗ ಮಾತ್ರ ನಡುಕ ಬಂದರೆ ಬ್ರೇಕಿನ ಡಿಸ್ಕ್ ಒಂದೇ ಸಮನಾಗಿ ಸವೆದಿಲ್ಲ. ಏರಿನಲ್ಲಿ ಒತ್ತಿದಾಗ ಮಾತ್ರ ಬಂದು, ಕಾಲು ತೆಗೆದಾಗ ಹೋದರೆ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲಿನ ಜಾಯಿಂಟ್ ಸವೆದಿರಬಹುದು. ಹೊರಡುವ ಕ್ಷಣದಲ್ಲಿ ಮಾತ್ರ ಬಂದರೆ ಕ್ಲಚ್ಚನ್ನು ನೋಡಿಸಿ. ಇವುಗಳನ್ನು ನಾಳೆಗೆ ಮುಂದೂಡುವುದು ಅಪಾಯ.

ಕೊಳ್ಳುವ ಮುನ್ನ

ಇಷ್ಟೆಲ್ಲ ಕಷ್ಟಕ್ಕೆ ಅರ್ಧ ಪರಿಹಾರ ಕೊಳ್ಳುವ ದಿನವೇ ಇದೆ. ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಮೊದಲು ಬಾನೆಟ್ಟನ್ನು ಮುಟ್ಟಿ ನೋಡಬೇಕು. ಅದು ಆಗಲೇ ಬೆಚ್ಚಗಿದ್ದರೆ ನೀವು ಬರುವ ಮೊದಲೇ ಎಂಜಿನ್ ಓಡಿಸಿದ್ದಾರೆ. ತಣ್ಣಗಿರುವಾಗ ಅದು ಹೇಗೆ ಹೊರಡುತ್ತದೆಂಬುದು ನಿಮಗೆ ತಿಳಿಯುವಂತಿಲ್ಲ. ಇನ್ನೊಂದು ದಿನ ಬರುತ್ತೇವೆ ಎಂದು ಎದ್ದು ಬನ್ನಿ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಎಂಜಿನ್ನಿನೊಳಗೆ ಹೋಗುತ್ತಿರಬಹುದು.

ನೆರೆಯಲ್ಲಿ ಮುಳುಗಿದ ಕಾರಿನ ಬಗ್ಗೆ ಎರಡೂ ಗಡಿಗಳ ಜನ ಎಚ್ಚರ ವಹಿಸಬೇಕು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದವು. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿತು. ಮುಳುಗಿದ ಕಾರನ್ನು ತೊಳೆದು ಮಾರಿದರೆ ಹೊರಗಿನಿಂದ ಏನೂ ತಿಳಿಯದು. ಆದರೆ ವಯರಿನ ಕೀಲುಗಳಲ್ಲಿ ಹತ್ತಿದ ಹಸಿರು ತುಕ್ಕು ತಿಂಗಳುಗಳ ನಂತರ ಸ್ಟಾರ್ಟಿಂಗ್ ತೊಂದರೆಯಾಗಿ ಹೊರಬರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಕಂಬಿಯ ಸಂದಿಗೆ ಬೆರಳು ಹಾಕಿ. ಮುಗ್ಗಲು ವಾಸನೆ ಬಂದರೆ ಬೆಲೆ ಎಷ್ಟು ಇಳಿಸಿದರೂ ಬೇಡ.

ಗ್ಯಾರೇಜಿನಲ್ಲಿ ಆಡುವ ಮಾತು

ಆದೋನಿಯ ಗ್ಯಾರೇಜಿನಲ್ಲಿ ತೆಲುಗು, ಉರ್ದು, ನಮ್ಮಲ್ಲಿ ಮಲಯಾಳ. ಮನೆಯಲ್ಲಿ ಆಡುವ ಭಾಷೆಯಲ್ಲಿ ಕಾರಿನ ದೂರನ್ನು ಹೇಳಲಾಗದೆ ‘ಏನೋ ತೊಂದರೆ, ನೋಡಿ’ ಎಂದು ಬಿಟ್ಟು ಬರುವವರು ಹಲವರು. ಆಗ ಮೆಕ್ಯಾನಿಕ್ ಊಹಿಸಬೇಕಾಗುತ್ತದೆ, ಊಹೆಯ ಬೆಲೆಯನ್ನು ನೀವು ತೆರಬೇಕಾಗುತ್ತದೆ. ಅದರ ಬದಲು ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಗುರುತು ಹಾಕಿಕೊಂಡು ಹೋಗಿ: ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಎಷ್ಟು ವೇಗದಲ್ಲಿ, ಯಾವ ಸದ್ದು, ಅದಕ್ಕೆ ಮೊದಲು ಏನು ರಿಪೇರಿ ಆಗಿತ್ತು. ಸೆಲ್ಫ್, ಮಿಸ್ಸಿಂಗ್, ಮೌಂಟಿಂಗ್, ಬ್ಯಾಲೆನ್ಸಿಂಗ್ ಎಂಬ ಮಾತುಗಳು ಎಲ್ಲ ಗ್ಯಾರೇಜುಗಳಲ್ಲೂ ಒಂದೇ.

ಕಳೆದ ಹತ್ತು ವರ್ಷಗಳ ಕಾರಾಗಿದ್ದು ಎಂಜಿನ್ ದೀಪ ಉರಿಯುತ್ತಿದ್ದರೆ, ಬಿಡಿಭಾಗ ಬದಲಿಸುವ ಮೊದಲು ಸ್ಕ್ಯಾನರ್ ಹಾಕಿ ಅದರ ಕೋಡ್ ಓದಿಸಿ. ‘ಎಂಜಿನ್ ಇಳಿಸಬೇಕು’ ಎಂದರೆ ಕೋಪಿಸಿಕೊಳ್ಳದೆ, ‘ಕಂಪ್ರೆಶನ್ ಎಷ್ಟಿದೆ, ಪ್ರತಿ ಸಿಲಿಂಡರಿನದ್ದೂ ಅಳೆದು ಬರೆದುಕೊಡಿ’ ಎಂದು ಕೇಳಿ. ಎಲ್ಲವೂ ಸರಿಸಮವಾಗಿದ್ದು ಕಂಪೆನಿ ಹೇಳಿದ ಮಟ್ಟದಲ್ಲಿದ್ದರೆ ಎಂಜಿನ್ ಇಳಿಸುವ ಅವಸರವಿಲ್ಲ. ಒಂದು ಮಾತ್ರ ತೀರ ಕಡಿಮೆಯಿದ್ದರೆ ಮೆಕ್ಯಾನಿಕ್ ಹೇಳಿದ್ದು ದಿಟ. ಪ್ರಾಮಾಣಿಕ ಮೆಕ್ಯಾನಿಕ್ ಇಂಥ ಪ್ರಶ್ನೆಗೆ ಬೇಸರಪಡುವುದಿಲ್ಲ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಬಿಲ್ಲನ್ನು ಕಾರಿನಲ್ಲೇ ಇಡಿ.

ತಿಂಗಳಿಗೊಮ್ಮೆ ಅರ್ಧ ಗಂಟೆ ಬಾನೆಟ್ ತೆರೆದು ಬ್ಯಾಟರಿ, ಬೆಲ್ಟು, ಎಣ್ಣೆ, ನೀರು, ಟಯರು ಇವಿಷ್ಟನ್ನು ನೋಡುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ ಕಲಿಸಬಹುದು. ನೀರು ನೋಡುವಾಗ ಮಾತ್ರ ಎಂಜಿನ್ ತಣಿದಿರಬೇಕು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು. ದೊಡ್ಡಾಸ್ಪತ್ರೆ ದೂರವಿರುವ ಊರಿನಲ್ಲಿ, ಅರ್ಧರಾತ್ರಿ ಬಾಗಿಲು ತಟ್ಟಿದವರಿಗೆ ‘ಬನ್ನಿ, ಹೊರಡೋಣ’ ಎನ್ನಬೇಕಾದರೆ ಹಗಲಿನ ಈ ಅರ್ಧ ಗಂಟೆ ಬೇಕೇ ಬೇಕು.