ಕುಟುಂಬ ವೈದ್ಯರ ತರಬೇತಿಯಲ್ಲಿ ವೈದ್ಯಕೀಯ ವಿವೇಚನೆಯ ಮೌಲ್ಯಮಾಪನ

ವೈದ್ಯಕೀಯ ಪದವಿಯ ನಂತರ ಕುಟುಂಬ ವೈದ್ಯಶಾಸ್ತ್ರದಲ್ಲಿ ವಿಶೇಷ ತರಬೇತಿ ಪಡೆಯುತ್ತಿರುವ ವೈದ್ಯರನ್ನು ರೆಸಿಡೆಂಟ್ ಎಂದು ಕರೆಯುವುದು ರೂಢಿ. ತರಬೇತಿಯ ಕೊನೆಯಲ್ಲಿ ಅವರಿಗೆ ಪ್ರಮಾಣಪತ್ರ ನೀಡುವ ಸಂಸ್ಥೆಯು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೇಬೇಕಾಗುತ್ತದೆ. ನಾಳೆಯಿಂದ ಮೇಲ್ವಿಚಾರಕರಿಲ್ಲದ ಕೊಠಡಿಯಲ್ಲಿ ಕುಳಿತುಕೊಳ್ಳುವ ಈ ವೈದ್ಯರು ಎದುರಿಗಿರುವ ರೋಗಿಯ ವಿಷಯದಲ್ಲಿ ಸರಿಯಾಗಿ ಯೋಚಿಸಬಲ್ಲರೆ? ಅವರಿಗೆ ಎಷ್ಟು ತಿಳಿದಿದೆ ಎಂಬುದನ್ನು ಲಿಖಿತ ಪರೀಕ್ಷೆಯಿಂದ ಅಳೆಯಬಹುದು. ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸುವ ಕೌಶಲವನ್ನು ಪಕ್ಕದಲ್ಲಿ ನಿಂತು ನೋಡಬಹುದು. ಆದರೆ ಲಕ್ಷಣಗಳಿಂದ ನಿರ್ಧಾರದವರೆಗೆ ಮನಸ್ಸು ಸಾಗುವ ಹಾದಿ ಕಣ್ಣಿಗೆ ಕಾಣುವಂಥದ್ದಲ್ಲ. ವೈದ್ಯಕೀಯ ವಿವೇಚನೆ ಎಂದು ಇಲ್ಲಿ ಕರೆದಿರುವುದು ಆ ಹಾದಿಯನ್ನೇ.

ಕುಟುಂಬ ವೈದ್ಯರ ವಿಷಯದಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. ದೊಡ್ಡ ಆಸ್ಪತ್ರೆಯ ತಜ್ಞರ ಬಳಿಗೆ ಬರುವ ರೋಗಿಗಳು ಅದಾಗಲೇ ಒಂದೆರಡು ಜರಡಿಗಳನ್ನು ದಾಟಿ ಬಂದಿರುತ್ತಾರೆ. ಕುಟುಂಬ ವೈದ್ಯರ ಬಾಗಿಲಿಗೆ ಬರುವ ಕಾಯಿಲೆಗಾದರೋ ಇನ್ನೂ ಹೆಸರಿರುವುದಿಲ್ಲ. ಸುಸ್ತು, ತಲೆಸುತ್ತು, ನಿದ್ರೆ ಬಾರದಿರುವುದು, ಎರಡು ದಿನದ ಜ್ವರ ಇವುಗಳಲ್ಲಿ ಬಹುಪಾಲು ತಾವಾಗಿಯೇ ಶಮನವಾಗುತ್ತವೆ. ಎಲ್ಲೋ ಒಂದು ಪ್ರಾಣಾಂತಿಕವಾಗಿರುತ್ತದೆ. ಎಲ್ಲ ತಲೆನೋವಿಗೂ ಸ್ಕ್ಯಾನ್ ಬರೆದುಕೊಡುವವರು ಆ ಒಂದನ್ನು ಹಿಡಿಯಬಲ್ಲರು, ಆದರೆ ಅವರನ್ನು ಉತ್ತಮ ಕುಟುಂಬ ವೈದ್ಯರೆನ್ನಲಾಗದು. ಏನನ್ನು ಮಾಡಬೇಕಿಲ್ಲ, ಎಷ್ಟು ದಿನ ಕಾಯಬಹುದು, ಯಾವ ಲಕ್ಷಣ ಕಂಡರೆ ಕೂಡಲೇ ಮರಳಿ ಬರುವಂತೆ ರೋಗಿಗೆ ಹೇಳಬೇಕು ಎಂಬ ತೀರ್ಮಾನಗಳೂ ಇಲ್ಲಿ ವಿವೇಚನೆಯ ಭಾಗವೇ. ಪರೀಕ್ಷೆಗಳ ಇತಿಹಾಸವನ್ನು ನೋಡಿದರೆ, ಬಿಟ್ಟುಬಿಡುವ ಈ ವಿವೇಕಕ್ಕೆ ಅಂಕ ಕೊಡುವುದನ್ನು ಪರೀಕ್ಷಕರು ಬಹಳ ತಡವಾಗಿ ಕಲಿತರೆಂಬುದು ಸ್ಪಷ್ಟವಾಗುತ್ತದೆ.

1960ರ ದಶಕದಲ್ಲಿ ಅಮೆರಿಕದಲ್ಲಿ 'ರೋಗಿ ನಿರ್ವಹಣಾ ಸಮಸ್ಯೆ' ಎಂಬ ಲಿಖಿತ ಪರೀಕ್ಷೆ ಬಳಕೆಗೆ ಬಂದಿತು. ಕಾಗದದ ಮೇಲೆ ರೋಗಿಯೊಬ್ಬರ ಪ್ರಾಥಮಿಕ ವಿವರ. ಕೆಳಗೆ ಕೇಳಬಹುದಾದ ಪ್ರಶ್ನೆಗಳು, ಮಾಡಬಹುದಾದ ಪರೀಕ್ಷೆಗಳು, ಕೊಡಬಹುದಾದ ಔಷಧಿಗಳ ಉದ್ದನೆಯ ಪಟ್ಟಿ. ಆರಿಸಿಕೊಂಡ ಅಂಶದ ಮುಂದಿನ ಮರೆಯಾದ ಬರಹವನ್ನು ಅಭ್ಯರ್ಥಿ ತಾನೇ ಗೋಚರಗೊಳಿಸಿ ಫಲಿತಾಂಶವನ್ನು ಓದಿಕೊಂಡು ಮುಂದುವರಿಯಬೇಕಿತ್ತು. ನಿಜವಾದ ಚಿಕಿತ್ಸಾಲಯದ ಅನುಭವಕ್ಕೆ ಇದು ಬಹಳ ಹತ್ತಿರವೆಂದು ಅಂದಿನವರು ನಂಬಿದ್ದರು. ಆದರೆ ಫಲಿತಾಂಶಗಳು ವಿಚಿತ್ರವಾಗಿದ್ದವು. ನುರಿತ ವೈದ್ಯರು ಇನ್ನೂ ಕಲಿಯುತ್ತಿದ್ದವರಿಗಿಂತ ಕಡಿಮೆ ಅಂಕ ಪಡೆಯುವ ಪ್ರಸಂಗಗಳು ಕಂಡುಬಂದವು. ಕಾರಣ ಕ್ಲಿಷ್ಟವಾದುದೇನಲ್ಲ. ಪರೀಕ್ಷೆಯು ಕೂಲಂಕಷತೆಗೆ ಅಂಕ ಕೊಡುತ್ತಿತ್ತು. ಅನುಭವಿ ವೈದ್ಯರು ನಾಲ್ಕು ಪ್ರಶ್ನೆ ಕೇಳಿ ಸರಿಯಾದ ತೀರ್ಮಾನಕ್ಕೆ ಬರುತ್ತಿದ್ದರು. ವಿದ್ಯಾರ್ಥಿಗಳು ನಲವತ್ತು ಪ್ರಶ್ನೆ ಕೇಳಿ ಅಂಕ ಗಳಿಸುತ್ತಿದ್ದರು. ಪರಿಣತಿ ಹೆಚ್ಚಿದಂತೆ ಅಂಕ ಇಳಿಯುವ ಪರೀಕ್ಷೆ ಪರಿಣತಿಯನ್ನು ಅಳೆಯುತ್ತಿಲ್ಲವೆಂದೇ ಅರ್ಥ.

ಈ ನಡುವೆ ಆರ್ಥರ್ ಎಲ್‌ಸ್ಟೈನ್, ಲೀ ಶುಲ್ಮನ್ ಮತ್ತು ಸಾರಾ ಸ್ಪ್ರಾಫ್ಕಾ ಅವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಅಧ್ಯಯನವು 1978ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ವೈದ್ಯರು ಮೊದಲು ಎಲ್ಲ ಮಾಹಿತಿಯನ್ನು ಕಲೆಹಾಕಿ ಆನಂತರ ರೋಗನಿದಾನಕ್ಕೆ ಬರುತ್ತಾರೆಂಬ ಪಠ್ಯಪುಸ್ತಕದ ಚಿತ್ರವನ್ನು ಅದು ಅಲುಗಾಡಿಸಿತು. ರೋಗಿ ಬಾಯಿ ತೆರೆದ ಕೆಲವೇ ನಿಮಿಷಗಳಲ್ಲಿ ಒಂದಷ್ಟು ಊಹೆಗಳು ವೈದ್ಯರ ಮನಸ್ಸಿನಲ್ಲಿ ಮೂಡಿರುತ್ತವೆ. ಮುಂದಿನ ಪ್ರಶ್ನೆಗಳು ಆ ಊಹೆಗಳನ್ನು ಪರೀಕ್ಷಿಸುವುದಕ್ಕಾಗಿ. ಈ ಕ್ರಮ ನುರಿತವರಲ್ಲಿಯೂ ಸಾಧಾರಣರಲ್ಲಿಯೂ ಒಂದೇ. ಇದಕ್ಕಿಂತ ಮಹತ್ವದ ಮಾತು ಇನ್ನೊಂದಿತ್ತು. ಒಂದು ಪ್ರಕರಣವನ್ನು ಚೆನ್ನಾಗಿ ಬಿಡಿಸಿದ ವೈದ್ಯರು ಮತ್ತೊಂದನ್ನೂ ಹಾಗೆಯೇ ಬಿಡಿಸುವರೆಂದು ಹೇಳಲು ಸಾಧ್ಯವಾಗಲಿಲ್ಲ. ವಿವೇಚನೆಯೆಂಬುದು ಎಲ್ಲ ಕಾಯಿಲೆಗಳಿಗೂ ಸಮಾನವಾಗಿ ಒದಗುವ ಒಂದು ಸಾಮಾನ್ಯ ಶಕ್ತಿಯಲ್ಲ. ಅದು ಆಯಾ ಕಾಯಿಲೆಯ ಕುರಿತ ಅರಿವಿಗೆ ಅಂಟಿಕೊಂಡಿರುವಂಥದ್ದು. ಎರಡು ಮೂರು 'ದೀರ್ಘ ಪ್ರಕರಣ'ಗಳನ್ನು ಕೇಳಿ ಅಭ್ಯರ್ಥಿಯ ಯೋಗ್ಯತೆಯನ್ನು ತೀರ್ಮಾನಿಸುವ ಪದ್ಧತಿಯ ತಳಪಾಯವನ್ನೇ ಈ ಶೋಧ ಕದಲಿಸಿತು. ಆ ಪದ್ಧತಿ ಇದಾದ ಮೇಲೂ ದಶಕಗಳ ಕಾಲ ಅನೇಕ ದೇಶಗಳಲ್ಲಿ ನಿರಾತಂಕವಾಗಿ ನಡೆದುಬಂದಿತೆಂಬುದು ಬೇರೆ ಮಾತು.

ಹೆಚ್ಚು ಪ್ರಕರಣಗಳು ಬೇಕು, ಆದರೆ ಪರೀಕ್ಷೆಯ ಸಮಯ ಸೀಮಿತ. ಈ ಇಕ್ಕಟ್ಟಿಗೆ ಉತ್ತರ 1984ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ವೈದ್ಯಕೀಯ ಶಿಕ್ಷಣ ತಜ್ಞರ ಸಮ್ಮೇಳನದಲ್ಲಿ ರೂಪುಗೊಂಡಿತು. ಪ್ರತಿಯೊಂದು ಪ್ರಕರಣದಲ್ಲಿಯೂ ಎಲ್ಲ ಹಂತಗಳಿಗೆ ಒಂದೇ ತೂಕವಿರುವುದಿಲ್ಲ. ರೋಗಿಯ ಹಿತಾಹಿತವು ಎರಡು ಮೂರು ತಿರುವುಗಳ ಮೇಲೆ ನಿಂತಿರುತ್ತದೆ. ಆ ತಿರುವುಗಳನ್ನು ಮಾತ್ರ ಪ್ರಶ್ನಿಸಿದರೆ ಸಾಕು. 'ನಿರ್ಣಾಯಕ ಅಂಶ' ಎಂಬ ಈ ಪರಿಕಲ್ಪನೆಯನ್ನು ಜಾರ್ಜ್ ಬೋರ್ಡಾಜ್ ಮತ್ತು ಗಾರ್ಡನ್ ಪೇಜ್ ಅವರು ಬೆಳೆಸಿದರು. ಕೆನಡಾದ ವೈದ್ಯಕೀಯ ಪರಿಷತ್ತು 1992ರಲ್ಲಿ ಅದನ್ನು ತನ್ನ ಅರ್ಹತಾ ಪರೀಕ್ಷೆಯಲ್ಲಿ ಅಳವಡಿಸಿಕೊಂಡಿತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಹತ್ತು ವರ್ಷಗಳಿಂದ ಮಧುಮೇಹವಿರುವ 58 ವರ್ಷದ ಮಹಿಳೆ ಬೆಳಿಗ್ಗೆಯಿಂದ ಎದೆಯುರಿ, ವಾಕರಿಕೆ, ಬೆವರು ಎಂದು ಬರುತ್ತಾರೆ. ಇದು ಹುಳಿತೇಗಿನ ತೊಂದರೆಯೆಂದೇ ಅವರ ನಂಬಿಕೆ. ಹಳೆಯ ಮಾದರಿಯ ಪರೀಕ್ಷೆಯಲ್ಲಿ ಆಹಾರಾಭ್ಯಾಸ, ಮಲವಿಸರ್ಜನೆ, ಕುಟುಂಬದ ಆರೋಗ್ಯ ಎಲ್ಲವನ್ನೂ ಕೇಳಿದ ಅಭ್ಯರ್ಥಿಗೆ ಧಾರಾಳವಾಗಿ ಅಂಕ ಸಿಗುತ್ತಿತ್ತು. ನಿರ್ಣಾಯಕ ಅಂಶದ ಪರೀಕ್ಷೆಯು ಎರಡೇ ವಿಷಯಗಳನ್ನು ನೋಡುತ್ತದೆ. ಮಧುಮೇಹಿಗಳಲ್ಲಿ ಹೃದಯಾಘಾತವು ಎದೆನೋವಿಲ್ಲದೆಯೂ ಬರಬಹುದೆಂಬುದು ಅಭ್ಯರ್ಥಿಗೆ ಹೊಳೆಯಿತೆ? ಹೊಳೆದ ಮೇಲೆ ತಡಮಾಡದೆ ಇಸಿಜಿ ಮಾಡಿಸಿ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಮಾಡಿದರೆ? ಮೂರು ಉತ್ತರಗಳನ್ನು ಕೇಳಿರುವಲ್ಲಿ ಏಳನ್ನು ಬರೆದವರಿಗೆ ಆ ಪ್ರಶ್ನೆಯಲ್ಲಿ ಸೊನ್ನೆ ಬೀಳುವ ನಿಯಮವನ್ನೂ ಕೆನಡಾದ ಪರಿಷತ್ತು ಇರಿಸಿಕೊಂಡಿತ್ತು. ಬಲೆ ಬೀಸಿ ಮೀನು ಹಿಡಿಯುವ ಅಭ್ಯರ್ಥಿಗೆ ಅದರಿಂದ ಅವಕಾಶ ತಪ್ಪಿತು.

ಕುಟುಂಬ ವೈದ್ಯಶಾಸ್ತ್ರಕ್ಕೆ ಈ ಚಿಂತನೆಯನ್ನು ಹೊಂದಿಸುವಲ್ಲಿ ಮುಂದಾದುದು ಕೆನಡಾದ ಕುಟುಂಬ ವೈದ್ಯರ ಕಾಲೇಜು. 1954ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ 1969ರಿಂದ ಪ್ರಮಾಣೀಕರಣ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. 2010ರಲ್ಲಿ ಅದು ಪ್ರಕಟಿಸಿದ ಮೌಲ್ಯಮಾಪನ ಗುರಿಗಳಲ್ಲಿ ಆರು ಮೂಲ ಕೌಶಲಗಳನ್ನು ಗುರುತಿಸಲಾಯಿತು: ರೋಗಿಕೇಂದ್ರಿತ ದೃಷ್ಟಿ, ಸಂವಹನ, ವೈದ್ಯಕೀಯ ವಿವೇಚನೆ, ಆಯ್ಕೆಯ ವಿವೇಕ, ವೃತ್ತಿನಿಷ್ಠೆ, ಪ್ರಕ್ರಿಯಾ ಕೌಶಲ. ಇವುಗಳೊಡನೆ 99 ಆದ್ಯತಾ ವಿಷಯಗಳನ್ನೂ ಪ್ರತಿಯೊಂದರ ನಿರ್ಣಾಯಕ ಅಂಶಗಳನ್ನೂ ಪಟ್ಟಿಮಾಡಲಾಯಿತು. ನಾಲ್ಕನೆಯದಾದ ಆಯ್ಕೆಯ ವಿವೇಕವನ್ನು ವಿವೇಚನೆಯಿಂದ ಬೇರ್ಪಡಿಸಿ, ಪ್ರತ್ಯೇಕ ಹೆಸರಿಟ್ಟು ನಿಲ್ಲಿಸಿದುದು ಗಮನಾರ್ಹ. ಎಲ್ಲರಿಗೂ ಒಂದೇ ಸಿದ್ಧಸೂತ್ರವನ್ನು ಅನ್ವಯಿಸದೆ, ಈ ರೋಗಿಗೆ ಈ ಹೊತ್ತಿನಲ್ಲಿ ಬೇಕಾದಷ್ಟನ್ನೇ ಮಾಡುವುದು ಅದರ ಸಾರ. ನುರಿತ ವೈದ್ಯರು ಕಡಿಮೆ ಅಂಕ ಪಡೆದ ಹಳೆಯ ವಿಪರ್ಯಾಸಕ್ಕೆ ಇದು ತಡವಾಗಿ ಬಂದ ಉತ್ತರವೆನ್ನಬಹುದು.

ಇದೇ ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕ ವೈದ್ಯರೇ ರೋಗಿಯ ಪಾತ್ರ ವಹಿಸುವ ಪದ್ಧತಿ ಬೆಳೆಯಿತು. ಹದಿನೈದು ನಿಮಿಷಗಳ ಅವಧಿಯಲ್ಲಿ ಅಭ್ಯರ್ಥಿ ರೋಗಿಯ ಸಮಸ್ಯೆಗಳನ್ನು ಗುರುತಿಸಬೇಕು. ಆ ಕಾಯಿಲೆ ರೋಗಿಯ ಬದುಕಿನಲ್ಲಿ ಏನಾಗಿ ಪರಿಣಮಿಸಿದೆ, ಅವರಿಗೆ ಯಾವುದರ ಭಯ, ವೈದ್ಯರಿಂದ ಏನನ್ನು ನಿರೀಕ್ಷಿಸಿ ಬಂದಿದ್ದಾರೆ ಎಂಬುದನ್ನೂ ತಿಳಿಯಬೇಕು. ಇದನ್ನು ಕೇವಲ ಸೌಜನ್ಯದ ಪರೀಕ್ಷೆಯೆಂದು ಭಾವಿಸುವುದು ತಪ್ಪು. ತಂದೆ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದಾರೆಂಬ ಭಯವನ್ನು ಕೇಳಿಸಿಕೊಳ್ಳದ ವೈದ್ಯರು ಆ ಮಗನ ಹೊಟ್ಟೆನೋವಿಗೆ ಅನಗತ್ಯ ಪರೀಕ್ಷೆಗಳನ್ನು ಬರೆಯುತ್ತಾರೆ, ಇಲ್ಲವೆ ಅಗತ್ಯವಾದುದನ್ನು ಬಿಡುತ್ತಾರೆ.

ಪರೀಕ್ಷಾ ಕೊಠಡಿಯಲ್ಲಿ ತೋರುವುದು ಒಂದು, ದಿನನಿತ್ಯದ ಚಿಕಿತ್ಸಾಲಯದಲ್ಲಿ ಮಾಡುವುದು ಇನ್ನೊಂದು. ಜಾರ್ಜ್ ಮಿಲ್ಲರ್ ಅವರು 1990ರಲ್ಲಿ ಮುಂದಿಟ್ಟ ಪಿರಮಿಡ್ಡಿನ ತುದಿಯಲ್ಲಿರುವುದು ಈ ಎರಡನೆಯದು. ಅದನ್ನು ತಲುಪಲು ಕೆನಡಾದ ತರಬೇತಿ ಕೇಂದ್ರಗಳು ಮೇಲ್ವಿಚಾರಕರು ಆಗಿಂದಾಗ್ಗೆ ಬರೆಯುವ ಸಣ್ಣ ಟಿಪ್ಪಣಿಗಳನ್ನು ಅವಲಂಬಿಸಿದವು. ಆದರೆ ಟಿಪ್ಪಣಿ ಬರೆಯಲು ವಿವೇಚನೆ ಮೊದಲು ಮಾತಿನ ರೂಪದಲ್ಲಿ ಹೊರಬರಬೇಕು. ರೆಸಿಡೆಂಟ್ ಹೊರಬಂದು 'ವೈರಲ್ ಜ್ವರ ಸಾರ್, ಪ್ಯಾರಸಿಟಮಾಲ್ ಬರೆದಿದ್ದೇನೆ' ಎನ್ನುತ್ತಾರೆ, ಮೇಲ್ವಿಚಾರಕರು ತಲೆದೂಗುತ್ತಾರೆ. ತೀರ್ಮಾನ ಸರಿಯಿದೆ, ಅದಕ್ಕೆ ಬಂದ ದಾರಿ ಸರಿಯಿತ್ತೇ, ಅದೃಷ್ಟವೇ ಎಂಬುದು ಯಾರಿಗೂ ಗೊತ್ತಿಲ್ಲ. ಅಮೆರಿಕದ ಕುಟುಂಬ ವೈದ್ಯ ಶಿಕ್ಷಕರು 1992ರಲ್ಲಿ ಪ್ರಕಟಿಸಿದ ಐದು ಹೆಜ್ಜೆಗಳ ಬೋಧನಾ ಕ್ರಮ ಇಲ್ಲಿ ಇಂದಿಗೂ ಉಪಯುಕ್ತ. ಅದರ ಮೊದಲೆರಡು ಹೆಜ್ಜೆಗಳೇ ಪ್ರಾಣ: ಏನಿರಬಹುದೆಂದು ರೆಸಿಡೆಂಟರಿಂದಲೇ ಹೇಳಿಸುವುದು, ಹಾಗೆನ್ನಲು ಆಧಾರವೇನೆಂದು ಕೇಳುವುದು. ಉತ್ತರವನ್ನು ತಾವೇ ಹೇಳಿಬಿಡುವ ಆತುರವನ್ನು ಮೇಲ್ವಿಚಾರಕರು ತಡೆದುಕೊಂಡರೆ ಒಂದೆರಡು ನಿಮಿಷ ಸಾಕು.

ಅನಿಶ್ಚಿತತೆಯನ್ನೇ ಅಳೆಯಹೊರಟ ಇನ್ನೊಂದು ಉಪಕರಣ ಮಾಂಟ್ರಿಯಲ್‌ನ ಬರ್ನಾರ್ ಶಾರ್ಲಿನ್ ಮತ್ತು ಸಂಗಡಿಗರು 2000ದ ಹೊತ್ತಿಗೆ ಮುಂದಿಟ್ಟ 'ಸ್ಕ್ರಿಪ್ಟ್ ಕಾನ್‌ಕಾರ್ಡೆನ್ಸ್' ಪರೀಕ್ಷೆ. ಅನುಭವಿ ವೈದ್ಯರ ಮನಸ್ಸಿನಲ್ಲಿ ಪ್ರತಿಯೊಂದು ಕಾಯಿಲೆಗೂ ಒಂದು ಕಥಾರೂಪವಿರುತ್ತದೆ, ಅಂದರೆ ಯಾರಿಗೆ ಬರುತ್ತದೆ, ಹೇಗೆ ಆರಂಭವಾಗುತ್ತದೆ, ಹೇಗೆ ಸಾಗುತ್ತದೆ ಎಂಬ ಚಿತ್ರ. ಹೊಸ ಮಾಹಿತಿಯೊಂದು ದೊರೆತಾಗ ಮೊದಲಿನ ಊಹೆ ಬಲವಾಗುವುದೇ, ದುರ್ಬಲವಾಗುವುದೇ ಎಂಬುದನ್ನು ಅಭ್ಯರ್ಥಿ ಋಣ ಎರಡರಿಂದ ಧನ ಎರಡರವರೆಗಿನ ಅಳತೆಯಲ್ಲಿ ಗುರುತಿಸಬೇಕು. ಒಂದೇ ಸರಿಯುತ್ತರವಿಲ್ಲ; ತಜ್ಞರ ಮಂಡಳಿಯಲ್ಲಿ ಎಷ್ಟು ಮಂದಿ ಆ ಉತ್ತರವನ್ನು ಆರಿಸಿದ್ದರೋ ಅದಕ್ಕೆ ತಕ್ಕ ಅಂಕ. ಆಕರ್ಷಕವಾದ ಈ ಪದ್ಧತಿಗೆ 2013ರಲ್ಲಿ ಬಲವಾದ ಪೆಟ್ಟು ಬಿದ್ದಿತು. ತೀವ್ರ ಉತ್ತರಗಳನ್ನು ತಪ್ಪಿಸಿದರೇ ಅಂಕ ಏರುತ್ತದೆ, ಎಲ್ಲ ಪ್ರಶ್ನೆಗೂ ಸೊನ್ನೆಯನ್ನೇ ಗುರುತಿಸಿದ ಅಭ್ಯರ್ಥಿ ಅಳತೆಯನ್ನು ಪ್ರಾಮಾಣಿಕವಾಗಿ ಬಳಸಿದ ಬಹುಪಾಲು ಅಭ್ಯರ್ಥಿಗಳನ್ನು ಹಿಂದಿಕ್ಕಬಲ್ಲರು ಎಂದು ಲೈನ್‌ಬೆರಿ, ಕ್ರೈಟರ್ ಮತ್ತು ಬೋರ್ಡಾಜ್ ತೋರಿಸಿಕೊಟ್ಟರು. ಏನನ್ನೂ ಯೋಚಿಸದವರು ಯೋಚಿಸಿದವರನ್ನು ಮೀರುವುದಾದರೆ, ಆ ಪರೀಕ್ಷೆಯನ್ನು ಪ್ರಮಾಣಪತ್ರಕ್ಕೆ ಏಕೈಕ ಆಧಾರವಾಗಿ ಬಳಸಬಾರದು. ಚರ್ಚೆಯನ್ನು ಹುಟ್ಟಿಸುವ ಬೋಧನಾ ಸಾಧನವಾಗಿ ಅದರ ಬೆಲೆ ಮಾತ್ರ ಕುಂದಿಲ್ಲ.

ಅಳೆಯುವವರು ಯಾರು ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿನ ಸಾಮಾನ್ಯ ವೈದ್ಯರ ರಾಯಲ್ ಕಾಲೇಜು 2007ರಿಂದ 2020ರವರೆಗೆ ನಡೆಸಿದ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಪಾತ್ರಧಾರಿ ರೋಗಿಗಳನ್ನು ತಲಾ ಹತ್ತು ನಿಮಿಷ ನೋಡಬೇಕಿತ್ತು. ಹೊರದೇಶಗಳಲ್ಲಿ ಓದಿ ಬಂದ ವೈದ್ಯರು ಅದರಲ್ಲಿ ಅನುತ್ತೀರ್ಣರಾಗುವ ಪ್ರಮಾಣ ಬ್ರಿಟನ್ನಿನಲ್ಲೇ ಓದಿದವರಿಗಿಂತ ಬಹಳ ಹೆಚ್ಚಿತ್ತು. ಭಾರತೀಯ ಮೂಲದ ವೈದ್ಯರ ಸಂಘವು ಇದನ್ನು ಪ್ರಶ್ನಿಸಿ ಹೂಡಿದ ದಾವೆಯನ್ನು ಹೈಕೋರ್ಟ್ 2014ರಲ್ಲಿ ತಳ್ಳಿಹಾಕಿ, ಪರೀಕ್ಷೆ ಕಾನೂನುಬದ್ಧವೆಂದಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿದರೂ ಶೈಕ್ಷಣಿಕ ಪ್ರಶ್ನೆ ಮುಗಿಯಲಿಲ್ಲ: ಪಾತ್ರಧಾರಿಯೊಡನೆ ನಡೆಸುವ ಹತ್ತು ನಿಮಿಷದ ಇಂಗ್ಲಿಷ್ ಸಂಭಾಷಣೆಯಲ್ಲಿ ವಿವೇಚನೆಯ ಅಳತೆ ಎಲ್ಲಿ ಮುಗಿದು ನುಡಿಯ ಮತ್ತು ನಡೆಯ ಅಳತೆ ಎಲ್ಲಿ ಆರಂಭವಾಗುತ್ತದೆ?

ಭಾರತದಲ್ಲಿ ಕುಟುಂಬ ವೈದ್ಯಶಾಸ್ತ್ರದ ತಜ್ಞರ ಅಗತ್ಯವನ್ನು 2002ರ ರಾಷ್ಟ್ರೀಯ ಆರೋಗ್ಯ ನೀತಿ ಎತ್ತಿಹೇಳಿತು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಮೂರು ವರ್ಷಗಳ ಡಿಎನ್‌ಬಿ ತರಬೇತಿ ಈ ದಿಸೆಯಲ್ಲಿ ನಡೆದುಬಂದಿದೆ. ಮೌಲ್ಯಮಾಪನದ ಹೊಸ ಕ್ರಮಗಳು ಇಲ್ಲಿಗೂ ಬರುವುದು ಸಹಜ, ಬರಬೇಕಾದುದೂ ಹೌದು. ಆದರೆ ಕ್ರಮವನ್ನು ತರಬಹುದು, ನಿರ್ಣಾಯಕ ಅಂಶಗಳ ಪಟ್ಟಿಯನ್ನು ತರಲಾಗದು. ಮಲೆನಾಡಿನ ಒಂದು ಪ್ರಕರಣದಿಂದ ಇದು ವಿಶದವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಗುರುತಿಸಲಾದ, ಉಣುಗುಗಳಿಂದ ಹರಡುವ ಕ್ಯಾಸನೂರು ಕಾಡಿನ ಕಾಯಿಲೆಯನ್ನು ಜನ ಮಂಗನ ಕಾಯಿಲೆಯೆಂದೇ ಕರೆಯುತ್ತಾರೆ. ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇವರೆಗಿನ ಒಣಗಾಲದಲ್ಲಿ. ಜನವರಿಯಲ್ಲಿ ಸಾಗರದ ಕಡೆಯ ಅಡಿಕೆ ತೋಟದ ಕೆಲಸಗಾರರೊಬ್ಬರು ಹಠಾತ್ತನೆ ಬಂದ ಜ್ವರ, ತೀವ್ರ ತಲೆನೋವು, ಮೈಕೈ ನೋವುಗಳೊಡನೆ ಬಂದಿದ್ದಾರೆಂದು ಪ್ರಶ್ನೆಪತ್ರಿಕೆ ಹೇಳಲಿ. ರೆಸಿಡೆಂಟರ ಮೊದಲ ಊಹೆ ಡೆಂಗೀ ಎಂದಿರಲಿ. ಅವರು ಕಳೆದ ವಾರ ಒಣ ಎಲೆ, ಸೌದೆ ತರಲು ಕಾಡಿಗೆ ಹೋಗಿದ್ದರು, ಆ ಹಾದಿಯಲ್ಲಿ ಸತ್ತ ಮಂಗವೊಂದು ಬಿದ್ದಿತ್ತು ಎಂಬುದು ಆನಂತರ ತಿಳಿಯುತ್ತದೆ. ಊಹೆ ಎತ್ತ ವಾಲಬೇಕು?

ತಾಲ್ಲೂಕು ಆಸ್ಪತ್ರೆಯ ಅನುಭವಿ ವೈದ್ಯರ ಮಂಡಳಿಯಲ್ಲಿ ಈ ಪ್ರಶ್ನೆಗೆ ಭಿನ್ನಾಭಿಪ್ರಾಯ ಬರುವುದು ಕಷ್ಟ. ಮಹಾನಗರದ ಬೋಧನಾ ಆಸ್ಪತ್ರೆಯಲ್ಲಿಯೇ ವೃತ್ತಿಜೀವನ ಕಳೆದ ಮಂಡಳಿಯೊಂದು ಮಂಗದ ವಿವರವನ್ನು ಅಪ್ರಸ್ತುತವೆಂದು ಪಕ್ಕಕ್ಕಿಟ್ಟು ಸೊನ್ನೆ ಗುರುತಿಸಬಹುದು. ಆಗ ಸರಿಯಾಗಿ ಯೋಚಿಸಿದ ರೆಸಿಡೆಂಟ್ ಅಂಕ ಕಳೆದುಕೊಳ್ಳುತ್ತಾರೆ. ಆದ್ದರಿಂದ ಪ್ರಶ್ನೆ ರಚಿಸುವ ಮತ್ತು ಅಂಕ ನಿಗದಿ ಮಾಡುವ ಮಂಡಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಹಾಗೂ ಸಣ್ಣ ಊರುಗಳ ಖಾಸಗಿ ವೈದ್ಯರಿಗೆ ಬಹುಮತ ಇರಬೇಕಾದುದು ಪರೀಕ್ಷೆಯ ಸಿಂಧುತ್ವಕ್ಕಾಗಿ. ಕೆನಡಾದ ಕಾಲೇಜು ತನ್ನ 99 ವಿಷಯಗಳನ್ನು ಆರಿಸುವಾಗ ಮಾಡಿದ ಕೆಲಸವೂ ಇದೇ ಬಗೆಯದು: ವೃತ್ತಿಯಲ್ಲಿದ್ದ ಕುಟುಂಬ ವೈದ್ಯರನ್ನೇ ಕೇಳಿ ಪಟ್ಟಿಯನ್ನು ಸಿದ್ಧಪಡಿಸಲಾಯಿತು. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ವೈದ್ಯರನ್ನು ಹಾಗೆ ಕೇಳಿದರೆ ಜ್ವರದ ಅಧ್ಯಾಯದ ನಿರ್ಣಾಯಕ ಅಂಶಗಳಲ್ಲಿ 'ಕಾಡಿಗೆ ಹೋಗಿದ್ದಿರಾ?' ಎಂಬ ಪ್ರಶ್ನೆ ಮೊದಲ ಸಾಲಿನಲ್ಲಿಯೇ ಬರುತ್ತದೆ. ಕಲಬುರಗಿಯವರನ್ನು ಕೇಳಿದರೆ ಆ ಸಾಲಿನಲ್ಲಿ ಬೇರೆ ಪ್ರಶ್ನೆಯಿರುತ್ತದೆ.