ಬಿಸಿ ಗಾಡಿ ನಿಜ ಹೇಳಲ್ಲ

“ಬಿಸಿ ಗಾಡಿ ನಿಜ ಹೇಳಲ್ಲ ಸಾರ್. ರಾತ್ರಿ ಇಲ್ಲೇ ಬಿಟ್ಟೋಗಿ” ಎಂದರು ಗ್ಯಾರೇಜಿನ ಭಾಯ್. ಬಾನೆಟ್ ಎತ್ತಿ ಕೂಡ ನೋಡಲಿಲ್ಲ. ನನ್ನ ಹಳೆಯ ಪೆಟ್ರೋಲ್ ಕಾರು ಬೆಳಗಿನ ಮೊದಲ ಸ್ಟಾರ್ಟಿಗೆ ಕಟಕಟ ಬಡಿದು, ಮೂರ್ನಾಲ್ಕು ಸೆಕೆಂಡಿನಲ್ಲಿ ಏನೂ ಆಗದಂತೆ ಸುಮ್ಮನಾಗುತ್ತಿತ್ತು. ಮೊದಲು ತೋರಿಸಿದ ಕಡೆ ಒಂದೇ ಮಾತಿನಲ್ಲಿ “ಎಂಜಿನ್ ಇಳಿಸಬೇಕು” ಎಂದಿದ್ದರು. ಅಲ್ಲಿಗೂ ನಾನು ಓಡಿಸಿಕೊಂಡೇ ಹೋಗಿದ್ದೆ. ಕಟಕಟ ಅವರ ಕಿವಿಗೆ ಬಿದ್ದೇ ಇರಲಿಲ್ಲ.

ಮರುದಿನ ಆರೂವರೆಗೆ ಹೋದರೆ, ಭಾಯ್ ಮೊದಲು ಮಾಡಿದ ಕೆಲಸ ಸೈಲೆನ್ಸರ್ ಪೈಪಿಗೆ ಹಿಂಗೈ ತಾಗಿಸಿ ನೋಡಿದ್ದು. ರಾತ್ರಿ ಗಾಡಿ ಸರಿಸಲೆಂದು ಯಾರಾದರೂ ಸ್ಟಾರ್ಟ್ ಮಾಡಿದ್ದರೆ ಪರೀಕ್ಷೆ ಕೆಟ್ಟಂತೆಯೇ. ಪೈಪು ತಣ್ಣಗಿತ್ತು. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿದರು, ಒಂದು ಹನಿಯನ್ನು ಬೆರಳುಗಳ ನಡುವೆ ಉಜ್ಜಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಬದಿಯ ಮೂಳೆಗೆ ಒತ್ತಿಕೊಂಡು, “ಸೆಲ್ಫ್ ಹೊಡಿಯೋ” ಎಂದು ಹುಡುಗನಿಗೆ ಹೇಳಿದರು. ಸದ್ದು ಬಂತು, ಹೋಯಿತು. “ಆಫ್ ಮಾಡು.” ಆ ದಿನದ ಪಾಲಿನ ಕಟಕಟ ಅಲ್ಲಿಗೆ ಮುಗಿಯಿತು, ಇನ್ನೊಮ್ಮೆ ಕೇಳಬೇಕೆಂದರೆ ಇನ್ನೊಂದು ರಾತ್ರಿ ಕಾಯಬೇಕು.

ಎಷ್ಟು ಜೋರಾಗಿ ಬಡಿಯುತ್ತದೆ ಎನ್ನುವುದಕ್ಕಿಂತ ಯಾವಾಗ ನಿಲ್ಲುತ್ತದೆ ಎನ್ನುವುದು ಅವರಿಗೆ ಮುಖ್ಯ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸವೆದ ಪಿಸ್ಟನ್ ತಣ್ಣಗಿರುವಾಗ ಬೋರಿನಲ್ಲಿ ಸಡಿಲವಾಗಿದ್ದು ಗೋಡೆಗೆ ಬಡಿಯುತ್ತದೆ, ಹಿಗ್ಗಿದ ಮೇಲೆ ತೆಪ್ಪಗಾಗುತ್ತದೆ. ಹೆಡ್ಡಿಗೂ ಸೈಲೆನ್ಸರಿಗೂ ನಡುವಿನ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಟಿಕ್ ಟಿಕ್ ಎನ್ನುತ್ತದೆ, ಲೋಹ ಕಾದು ಸಂದು ಮುಚ್ಚಿದರೆ ನಿಲ್ಲುತ್ತದೆ. ಇವೆರಡಕ್ಕೂ ನಿಮಿಷಗಳೇ ಬೇಕು. ಮೂರು ಸೆಕೆಂಡಿನಲ್ಲಿ ಯಾವ ಲೋಹವೂ ಅಷ್ಟು ಕಾಯುವುದಿಲ್ಲ. ಅಷ್ಟರಲ್ಲಿ ಎಂಜಿನ್ನಿನೊಳಗೆ ಬದಲಾಗುವುದು ಒಂದೇ: ಆಯಿಲ್ ಬಂದು ಸೇರುತ್ತದೆ.

ಗಾಡಿ ನಿಂತಾಗ ಆಯಿಲ್ ಮೆಲ್ಲಗೆ ಕೆಳಗಿನ ಸಂಪಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪು ಅದನ್ನು ಎಳೆದು, ಫಿಲ್ಟರ್ ತುಂಬಿಸಿ, ಬೇರಿಂಗುಗಳಿಗೂ ಮೇಲಿನ ಟ್ಯಾಪೆಟ್ಟುಗಳಿಗೂ ಮುಟ್ಟಿಸಬೇಕು. ನನ್ನ ಗಾಡಿಯವು ಹೈಡ್ರಾಲಿಕ್ ಟ್ಯಾಪೆಟ್ಟುಗಳು. ಒಳಗೆ ಆಯಿಲ್ ತುಂಬಿದ್ದರೆ ಮಾತ್ರ ಬಿಗಿಯಾಗಿ ನಿಲ್ಲುತ್ತವೆ, ಇಲ್ಲವಾದರೆ ಖಾಲಿ ಡಬ್ಬಿಯ ಹಾಗೆ ಕಟಕಟಿಸುತ್ತವೆ.

ಎರಡನೆಯ ಬೆಳಿಗ್ಗೆ ಭಾಯ್ ಮಾಡಿದ್ದನ್ನು ನಾನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಇಂಜೆಕ್ಟರುಗಳ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಹುಡುಗ ಸೆಲ್ಫ್ ಹೊಡೆದ. ಎಂಜಿನ್ ಹತ್ತಿಕೊಳ್ಳದೆ ಬರೀ ತಿರುಗಿತು. ಸ್ವಲ್ಪ ಹೊತ್ತಿಗೆ ಮೀಟರಿನ ಆಯಿಲ್ ದೀಪ ಆರಿತು. ಆಗ ಫ್ಯೂಸ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿಸಿದರು. ಕಟಕಟ ಇಲ್ಲ! ಎಂಜಿನ್ ಇನ್ನೂ ನಿನ್ನೆಯಷ್ಟೇ ತಣ್ಣಗಿತ್ತು, ಆದರೆ ಆಯಿಲ್ ಮೊದಲೇ ತಲುಪಿತ್ತು. ಪಿಸ್ಟನ್ನಿನ ದೋಷವಾಗಿದ್ದರೆ ಅದು ಬಡಿಯಲೇಬೇಕಿತ್ತು. ಒಂದು ಬೋಲ್ಟೂ ಬಿಚ್ಚದೆ ಅರ್ಧ ಎಂಜಿನ್ನನ್ನು ಪಕ್ಕಕ್ಕಿಟ್ಟಂತಾಯಿತು.

ಆದರೂ ಅವರು ಅಷ್ಟಕ್ಕೇ ನಂಬಲಿಲ್ಲ. ಕ್ರ್ಯಾಂಕಿನ ಬೇರಿಂಗ್ ಸವೆದಿದ್ದರೂ ಆಯಿಲ್ ಬರುವವರೆಗೆ ಬಡಿಯುತ್ತದೆ. ಅದರ ಸದ್ದು ದಪ್ಪ, ಡಬ್ ಡಬ್. ಆಯಿಲ್ ದೀಪದ ಸ್ವಿಚ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಕಟ್ಟಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿದರು. ಬೇರಿಂಗ್ ಸವೆದಿದ್ದರೆ, ಬಿಸಿಗೆ ತೆಳ್ಳಗಾದ ಆಯಿಲ್ ಆ ಸಂದಿಯಿಂದ ನುಸುಳಿ ಮುಳ್ಳು ಕುಸಿಯುತ್ತದೆ. ಮುಳ್ಳು ಹಾಗೆ ಕುಸಿಯಲಿಲ್ಲ.

ಕುಸಿದಿದ್ದರೆ? ಸಂಪು ಇಳಿಸಿ, ಬೇರಿಂಗ್ ಕ್ಯಾಪ್ ಬಿಚ್ಚಿ, ಕ್ರ್ಯಾಂಕಿನ ಮೇಲೆ ಮೇಣದಂಥ ತೆಳು ಪ್ಲಾಸ್ಟಿಕ್ ಎಳೆಯೊಂದನ್ನು ಇಟ್ಟು, ಕ್ಯಾಪನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು ಮತ್ತೆ ಬಿಚ್ಚುತ್ತಾರೆ. ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೋ ಅದರಿಂದ ಸಂದಿನ ಅಳತೆ ಸಿಗುತ್ತದೆ. ಸಣ್ಣ ಕಾರುಗಳಲ್ಲಿ ಆ ಸಂದು ಸಾಮಾನ್ಯವಾಗಿ 0.02ರಿಂದ 0.05 ಮಿಲಿಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ ಹರಡಿದ ಆಯಿಲ್ ಪೊರೆಯ ಮೇಲೆ ನಮ್ಮ ಇಡೀ ಸಂಸಾರ ಊರಿಗೆ ಹೋಗಿ ಬರುತ್ತದೆ. ಸಂದು ಹೆಚ್ಚಿ ಕ್ರ್ಯಾಂಕೂ ಸವೆದಿದ್ದರೆ, ಅದನ್ನು ಲೇತಿನವರ ಹತ್ತಿರ ಗ್ರೈಂಡ್ ಮಾಡಿಸಿ 0.25 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಕೂರಿಸಬೇಕು. ಇವರ ಕೈಯಲ್ಲಿ ಆ ಕೆಲಸವನ್ನೂ ನೋಡುವ ಆಸೆ ನನಗಿತ್ತು, ನನ್ನ ಗಾಡಿಯದಲ್ಲದಿದ್ದರೆ.

ಕೊನೆಗೆ ಹಳೆಯ ಫಿಲ್ಟರ್ ಬಿಚ್ಚಿ ಅದರ ಹೊಟ್ಟೆ ಕೊಯ್ದರು. ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಒಂದೊಂದಾಗಿ ತೆರೆದರು. ತಾಮ್ರದ ಬಣ್ಣದ ಮಿಣುಕು ಕಂಡರೆ ಬೇರಿಂಗಿನ ಮೇಲ್ಪದರ ಹೋಗಿದೆ ಎಂದರ್ಥ. ಇರಲಿಲ್ಲ. ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರ್ ಬಿಲ್ಲೆಯನ್ನು ಮಾತ್ರ ಕಿತ್ತು ನನ್ನ ಕೈಗಿಟ್ಟರು. ಸುಟ್ಟ ಹಪ್ಪಳದಂತೆ ಸೆಟೆದುಕೊಂಡಿತ್ತು. ನನ್ನ ಗಾಡಿಯಲ್ಲಿ ಫಿಲ್ಟರ್ ಅಡ್ಡಕ್ಕೆ ಕೂರುತ್ತದೆ. ಆ ರಬ್ಬರ್ ಮುಚ್ಚದಿದ್ದರೆ ಫಿಲ್ಟರಿನ ಆಯಿಲ್ ರಾತ್ರೋರಾತ್ರಿ ಸಂಪಿಗೆ ಇಳಿಯುತ್ತದೆ.

ಹೊಸ ಫಿಲ್ಟರಿನ ವಾಷರಿಗೆ ಬೆರಳಿನಿಂದ ಆಯಿಲ್ ಸವರಿ, ಪಾನಾ ಮುಟ್ಟದೆ ಕೈಯಲ್ಲೇ ಬಿಗಿದರು. ಆಯಿಲನ್ನೂ ಕಂಪನಿ ಹೇಳಿದ ಗ್ರೇಡಿಗೆ ಬದಲಾಯಿಸಿದರು. ಸದ್ದು ಮುಚ್ಚಲು ದಪ್ಪ ಆಯಿಲ್ ಸುರಿಯುವ ಚಾಳಿಯಿದೆ. ತಣ್ಣಗಿರುವಾಗ ಅದು ಇನ್ನೂ ತಡವಾಗಿ ಮೇಲೇರುತ್ತದೆ.

“ಆಯ್ತಾ ಭಾಯ್, ತಗೊಂಡು ಹೋಗಲಾ?”

“ಎಲ್ಲಿ ಆಯ್ತು ಸಾರ್? ಇನ್ನೊಂದು ರಾತ್ರಿ ಬಿಡಿ.”

ಮೂರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಬರಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಭಾಯ್ ಪಕ್ಕದ ಗಾಡಿಯ ಸೈಲೆನ್ಸರಿಗೆ ಹಿಂಗೈ ತಾಗಿಸುತ್ತಿದ್ದರು.