ಹೃದಯ ಬದಲಿಸುವ ಮುನ್ನ

ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ ಮನೆಯ ಯಜಮಾನನ ಹೃದಯವು ಔಷಧಕ್ಕೆ ಮಣಿಯದಷ್ಟು ದುರ್ಬಲವಾದಾಗ, ಬೆಂಗಳೂರಿನ ವೈದ್ಯರು ಬೇರೊಂದು ಹೃದಯವನ್ನು ಜೋಡಿಸುವ ಮಾತನ್ನೆತ್ತುವುದುಂಟು. ನಮ್ಮ ದೇಶದಲ್ಲಿ ಇದನ್ನು ಮೊದಲು ಸಾಧಿಸಿದವರು ಡಾಕ್ಟರ್ ಪಿ. ವೇಣುಗೋಪಾಲರು; 1994ರ ಆಗಸ್ಟ್ 3ರಂದು, ದೆಹಲಿಯಲ್ಲಿ. ಆದರೆ ಹಣವಿದ್ದ ಮಾತ್ರಕ್ಕೆ ಈ ಚಿಕಿತ್ಸೆ ದೊರೆಯದು. ರೋಗಿಯು ಅದನ್ನು ತಾಳಬಲ್ಲನೇ ಎಂಬುದನ್ನು ಮೊದಲು ಪರೀಕ್ಷಿಸುವರು.

ಇದರಲ್ಲಿ ನಮಗೆ ಸೋಜಿಗವೆನಿಸಿದುದು ಶ್ವಾಸಕೋಶದ ವಿಚಾರ. ರಕ್ತನಾಳದೊಳಗೆ ಸಣ್ಣ ಕೊಳವೆಯನ್ನು ತೂರಿಸಿ ಶ್ವಾಸಕೋಶದ ನಾಳಗಳ ಒತ್ತಡವನ್ನು ಅಳೆಯುವರು. ಅದು ಮಿತಿಮೀರಿದ್ದು ಔಷಧಕ್ಕೂ ಇಳಿಯದಿದ್ದರೆ, ದಾನವಾಗಿ ಬಂದ ಗಟ್ಟಿಮುಟ್ಟಾದ ಹೃದಯವೂ ಅದರೆದುರು ಸೋತುಬಿಡುವುದು. ಮೂತ್ರಪಿಂಡ, ಯಕೃತ್ತು, ಸೋಂಕು, ಮದ್ಯ, ಹೊಗೆಸೊಪ್ಪು ಇವೂ ವಿಚಾರಣೆಗೆ ಬರುವುವು. ಹೊಗೆಸೊಪ್ಪನ್ನು ಗುಟ್ಟಾಗಿ ಮುಂದುವರಿಸಿದರೆ ರಕ್ತವೇ ಸಾಕ್ಷಿ ಹೇಳುವುದು!

ಮನೆಯವರನ್ನೂ ಪ್ರಶ್ನಿಸುವರು. ಇದನ್ನು ಅವಮಾನವೆಂದೆಣಿಸಲಾಗದು. ಹೊಸ ಹೃದಯವನ್ನು ದೇಹವು ತಿರಸ್ಕರಿಸದಂತೆ ಜೀವವಿರುವವರೆಗೂ ಹೊತ್ತುಹೊತ್ತಿಗೆ ಗುಳಿಗೆ ಕೊಡತಕ್ಕವರು ಅವರೇ ಅಷ್ಟೆ. ತೆಗೆದ ಹೃದಯವನ್ನು ಸುಮಾರು 4 ಗಂಟೆಯೊಳಗೆ ಜೋಡಿಸಬೇಕು. ಕರೆ ಬಂದ ಮೇಲೆ ಭದ್ರಾವತಿಯಿಂದ ಹೊರಟವನಿಗೆ ಆ ಹೊತ್ತು ದಾರಿಯಲ್ಲೇ ಕಳೆದುಹೋಗುವುದು. ಆದುದರಿಂದ ಆಸ್ಪತ್ರೆಯ ಹತ್ತಿರ ಬಿಡಾರ ಮಾಡಬಲ್ಲಿರಾ ಎಂದೂ ಕೇಳುವುದುಂಟು.

ಒಮ್ಮೆ ಬೇಡವೆಂದರೆ ಎಂದೆಂದಿಗೂ ಬೇಡವೆಂದಲ್ಲ. ಒತ್ತಡವು ಇಳಿದ ಮೇಲೆ, ಚಟವನ್ನು ಬಿಟ್ಟ ಮೇಲೆ, ಮರಳಿ ಬಂದವನನ್ನು ಮರಳಿ ಪರೀಕ್ಷಿಸುವರು.